ತಕ್ಕಡಿಯಲ್ಲಿ 0.750 ಬಂದರೆ ಅದು 75 ಗ್ರಾಂ ಅಲ್ವಾ? ಬೋರ್ಡೋ ಮಾಡುವ ಮುಂಚೆ ಕೇಳ್ತಿದ್ದೇನೆ

ಮೂಡಿಗೆರೆ ಹೊಸಬ:
ಎಲ್ಲರಿಗೂ ನಮಸ್ಕಾರ. ಮೂಡಿಗೆರೆ ಹತ್ತಿರ ನಮ್ಮದು ಮೂರು ಎಕರೆ ಅರೇಬಿಕಾ ಕಾಫಿ, ಮಧ್ಯೆ ಸ್ವಲ್ಪ ಅಡಿಕೆ. ಔಷಧಿ ಲೆಕ್ಕ ಎಲ್ಲಾ ಅಪ್ಪನೇ ನೋಡಿಕೊಳ್ಳುತ್ತಿದ್ದರು, ಎರಡು ವರ್ಷದಿಂದ ನನ್ನ ತಲೆಗೆ ಬಂದಿದೆ. ಹೋದ ವರ್ಷ ನರ್ಸರಿ ಗಿಡಕ್ಕೆ ಜಿಂಕ್ ಸಲ್ಫೇಟ್ ಅರ್ಧ ಪರ್ಸೆಂಟ್ ಹೊಡಿ, 15 ಲೀಟರ್ ಕ್ಯಾನಿಗೆ 75 ಗ್ರಾಂ ಸಾಕು ಅಂತ ಪಕ್ಕದ ತೋಟದವರು ಹೇಳಿದರು. ನಮ್ಮ ತಕ್ಕಡಿ ಕೆಜಿಯಲ್ಲೇ ತೋರಿಸೋದು. 0.750 ಅಂತ ಬಂತು. ಕೊನೆಯ ಸೊನ್ನೆಗೆ ಬೆಲೆ ಇಲ್ಲವಲ್ಲ, 75 ಆಯಿತು ಅಂದುಕೊಂಡು ಸುರಿದೆ. ಮೂರನೇ ದಿನಕ್ಕೆ ಎಲೆಯ ಅಂಚೆಲ್ಲ ಕಂದು, ಮುಟ್ಟಿದರೆ ಕೈಯಲ್ಲೇ ಪುಡಿ ಆಗುತ್ತಿತ್ತು. ಸುಮಾರು 200 ಸಸಿ ಹೋದವು. ಅಪ್ಪ ಚೀಲ ತುಂಬಿಸಿ ಬೆಳೆಸಿದ ಸಸಿಗಳು ಅವು.

ಈಗ ಮಳೆಗೆ ಮುಂಚೆ ಬೋರ್ಡೋ, ಅಂದರೆ ಮೈಲುತುತ್ತ (ಕಾಪರ್ ಸಲ್ಫೇಟ್) ಮತ್ತು ಸುಣ್ಣ ಬೆರೆಸಿದ ರೋಗದ ಔಷಧಿ, ಹೊಡೆಯಬೇಕು. ಅಪ್ಪನ ಡೈರಿಯಲ್ಲಿ "ತುತ್ತ 1, ಸುಣ್ಣ 1, ನೀರು 100" ಅಂತ ಮಾತ್ರ ಇದೆ. ಒಂದು ಏನು? ಕೆಜಿಯಾ, ಸೇರಾ? ನನ್ನ ಡ್ರಮ್ 200 ಲೀಟರಿನದು. ಇನ್ನೊಂದು ವಿಷಯ, ಮಣ್ಣು ಪರೀಕ್ಷೆ ಮಾಡಿಸಿದಾಗ ಎಕರೆಗೆ ಒಂದು ಟನ್ ಸುಣ್ಣ ಹಾಕಿ ಅಂದರು. ಗಿಡ 6 ಅಡಿಗೆ 6 ಅಡಿ ಇದೆ. ಗಿಡಕ್ಕೆ ಎಷ್ಟು ಬೀಳುತ್ತೆ? ಈ ಸಲ ತಪ್ಪಬಾರದು.

ಬಾಳೂರು ಕಾಫಿ:
ಸಸಿ ಹೋಗಿದ್ದು ಕೇಳಿ ಬೇಜಾರಾಯಿತು. 0.750 ಅಂದರೆ 750 ಗ್ರಾಂ. ನೀವು ಹೊಡೆದದ್ದು ಅರ್ಧ ಪರ್ಸೆಂಟ್ ಅಲ್ಲ, ಐದು ಪರ್ಸೆಂಟ್. ಹತ್ತು ಪಟ್ಟು ಜಾಸ್ತಿ. 75 ಗ್ರಾಂಗೆ ತಕ್ಕಡಿಯಲ್ಲಿ 0.075 ಬರಬೇಕಿತ್ತು.

ಪರ್ಸೆಂಟ್ ಲೆಕ್ಕ ಹೀಗೆ ಇಟ್ಟುಕೊಳ್ಳಿ. ಒಂದು ಲೀಟರ್ ನೀರು ಹತ್ತಿರ ಹತ್ತಿರ ಒಂದು ಕೆಜಿ, ಅಂದರೆ 1000 ಗ್ರಾಂ. ಅದರಲ್ಲಿ ನೂರಕ್ಕೆ ಒಂದು ಅಂದರೆ 10 ಗ್ರಾಂ. ಹಾಗಾಗಿ ಒಂದು ಪರ್ಸೆಂಟ್ ಅಂದರೆ ಲೀಟರಿಗೆ 10 ಗ್ರಾಂ, ಅರ್ಧ ಅಂದರೆ 5 ಗ್ರಾಂ. ಇಷ್ಟು ಗೊತ್ತಿದ್ದರೆ ಯಾವ ಕ್ಯಾನ್ ಬಂದರೂ ಗುಣಿಸಿಕೊಳ್ಳಬಹುದು.

ಅಪ್ಪನ ಡೈರಿಯಲ್ಲಿರೋದು ಕೆಜಿನೇ. 100 ಲೀಟರ್ ನೀರಿಗೆ ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ, ಅದೇ ಒಂದು ಪರ್ಸೆಂಟ್ ಬೋರ್ಡೋ. ನಿಮ್ಮ 200 ಲೀಟರಿಗೆ ಎರಡೆರಡು ಕೆಜಿ. ಡ್ರಮ್ ಪ್ಲಾಸ್ಟಿಕ್ಕಿನದೇ ಇರಲಿ, ತುತ್ತ ಕಬ್ಬಿಣ ತಿನ್ನುತ್ತೆ. ಡ್ರಮ್ಮಿನಲ್ಲಿ 100 ಲೀಟರ್ ಸುಣ್ಣದ ನೀರು ಮಾಡಿ. ಬೇರೆ ಪ್ಲಾಸ್ಟಿಕ್ ಪಾತ್ರೆಯಲ್ಲಿ 100 ಲೀಟರ್ ತುತ್ತದ ನೀರು. ತುತ್ತದ ನೀರನ್ನು ಸುಣ್ಣದ ನೀರಿಗೆ ನಿಧಾನವಾಗಿ ಸುರಿಯುತ್ತಾ ಕೋಲಿನಿಂದ ಕಲಕುತ್ತಾ ಇರಿ. ಸುಣ್ಣವನ್ನು ತುತ್ತದ ಮೇಲೆ ಸುರಿಯಬೇಡಿ. ಆಮೇಲೆ ಉಜ್ಜಿ ಹೊಳಪು ಮಾಡಿದ ಕಬ್ಬಿಣದ ಚಾಕು ಒಂದು ನಿಮಿಷ ಅದ್ದಿ. ತಾಮ್ರದ ಬಣ್ಣದ ಪದರ ಕೂತರೆ ತುತ್ತ ಜಾಸ್ತಿ ಇದೆ, ಇನ್ನೂ ಸುಣ್ಣದ ನೀರು ಬೇಕು. ಮಾಡಿದ ದಿನವೇ ಹೊಡೆದು ಮುಗಿಸಿ, ಮಾರನೇ ದಿನಕ್ಕೆ ಇಡಬೇಡಿ.

ಬೇಲೂರು ಅಂಗಡಿ:
ನಮ್ಮದು ದಿನಸಿ ಅಂಗಡಿ, ದಿನಾ ತಕ್ಕಡಿ ಮುಂದೆಯೇ ಕೂತಿರುತ್ತೇನೆ. ನೀವು ಮಾಡಿದ ತಪ್ಪು ತುಂಬಾ ಜನ ಮಾಡುತ್ತಾರೆ, ಅದಕ್ಕೆ ಕಾರಣ ದುಡ್ಡು. ರೂಪಾಯಿಗೆ ನೂರು ಪೈಸೆ, ಹಾಗಾಗಿ ಚುಕ್ಕೆ ಆದ ಮೇಲೆ ಎರಡೇ ಅಂಕಿ. 0.75 ಅಂದ ಕೂಡಲೇ 75 ಪೈಸೆ ಅಂತ ಕಣ್ಣು ಓದಿಬಿಡುತ್ತೆ. ಕೆಜಿಗೆ ಸಾವಿರ ಗ್ರಾಂ, ಹಾಗಾಗಿ ಇಲ್ಲಿ ಮೂರು ಅಂಕಿ. ಆ ಮೂರನ್ನೂ ಬಾಯಿ ಬಿಟ್ಟು ಓದಿ. 750 ಅಂದರೆ ಏಳುನೂರ ಐವತ್ತು ಗ್ರಾಂ. 075 ಅಂದರೆ ಎಪ್ಪತ್ತೈದು. 005 ಅಂದರೆ ಐದು. ಯಾರಾದರೂ 0.5 ಕೆಜಿ ಅಂತ ಬರೆದು ಕೊಟ್ಟರೆ ಮೊದಲು ಎರಡು ಸೊನ್ನೆ ಸೇರಿಸಿ 0.500 ಮಾಡಿಕೊಳ್ಳಿ. ನಮ್ಮ ಅಂಗಡಿಗೆ ಹೊಸ ಹುಡುಗ ಬಂದರೆ ನಾನು ಮೊದಲು ಕಲಿಸೋದೇ ಇದು.

ತಕ್ಕಡಿ ಮೇಲೆ ಅನುಮಾನ ಇದ್ದರೆ ಕೆಮ್ಮಿನ ಔಷಧಿಯ 10 ಮಿಲಿ ಮುಚ್ಚಳ ತಗೊಳ್ಳಿ. ಖಾಲಿ ಲೋಟ ಇಟ್ಟು ಸೊನ್ನೆ ಮಾಡಿ, ಹತ್ತು ಮುಚ್ಚಳ ನೀರು ಹಾಕಿ. 0.100 ಆಸುಪಾಸು ಬರಬೇಕು. ಕೆಲವು ಸಣ್ಣ ತಕ್ಕಡಿಯಲ್ಲಿ ಒಂದು ಬಟನ್ ತಾಗಿದರೆ ಔನ್ಸಿಗೆ ಹೋಗಿಬಿಡುತ್ತೆ, 150 ಗ್ರಾಂ ಇಟ್ಟರೆ 5.29 ತೋರಿಸುತ್ತೆ. ಅದನ್ನೂ ನೋಡಿಕೊಳ್ಳಿ.

ಸಕಲೇಶಪುರ ಮಳೆ:
ಸುಣ್ಣದ ಲೆಕ್ಕ ನಾನು ಹೇಳ್ತೇನೆ. ಎಕರೆ ಅಂದರೆ 43,560 ಚದರ ಅಡಿ. 6 ಅಡಿಗೆ 6 ಅಡಿ ಅಂದರೆ ಗಿಡಕ್ಕೆ 36 ಚದರ ಅಡಿ, ಎಕರೆಗೆ 1,210 ಗಿಡ. ಒಂದು ಟನ್ 1000 ಕೆಜಿ, ಅಂದರೆ 10 ಲಕ್ಷ ಗ್ರಾಂ. ಭಾಗಿಸಿದರೆ ಗಿಡಕ್ಕೆ 826 ಗ್ರಾಂ ಬರುತ್ತೆ. ಆದರೆ ಆ ಚೀಟಿ ಇನ್ನೊಂದು ಸಲ ನೋಡಿ, ಎಕರೆಗಾ ಹೆಕ್ಟೇರಿಗಾ ಅಂತ. ಹೆಕ್ಟೇರ್ ಅಂದರೆ 2.47 ಎಕರೆ. ಹಾಗಿದ್ದರೆ ಗಿಡಕ್ಕೆ 335 ಗ್ರಾಂ ಮಾತ್ರ.

ಮಾರುವಾಗಲೂ ಹೀಗೇ. ಕಾಫಿ ರೇಟು 50 ಕೆಜಿ ಚೀಲಕ್ಕೆ, ಮೆಣಸು ಕೆಜಿಗೆ, ಅಡಿಕೆ ಕ್ವಿಂಟಲಿಗೆ, ಅಂದರೆ 100 ಕೆಜಿಗೆ. ಎಲ್ಲಾ ಕೆಜಿಗೆ ಇಳಿಸಿಕೊಂಡೇ ಮಾತಾಡಿ.

ಮೂಡಿಗೆರೆ ಹೊಸಬ:
ತುಂಬಾ ಥ್ಯಾಂಕ್ಸ್. ಚೀಟಿ ನೋಡಿದೆ, ಹೆಕ್ಟೇರಿಗೇ ಇತ್ತು. ಒಳ್ಳೆಯದಾಯಿತು ಕೇಳಿದ್ದು. ಮುಚ್ಚಳದ ಪರೀಕ್ಷೆಯಲ್ಲಿ 0.101 ಬಂತು. ತುತ್ತ 2.000, ಸುಣ್ಣ 2.000 ತೂಗಿದೆ, ಅಮ್ಮನ ಕೈಲೂ ಒಂದು ಸಲ ಓದಿಸಿದೆ. ಚಾಕು ಮೊದಲ ಸಲ ಸ್ವಲ್ಪ ಕೆಂಪಾಯಿತು. ಎರಡು ಚೊಂಬು ಸುಣ್ಣದ ನೀರು ಹಾಕಿದ ಮೇಲೆ ಹೊಳಪು ಹಾಗೇ ಇತ್ತು. ಡೈರಿಯಲ್ಲಿ ಅಪ್ಪನ ಸಾಲಿನ ಪಕ್ಕ "ಕೆಜಿ, ಕೆಜಿ, ಲೀಟರ್" ಅಂತ ಬರೆದಿದ್ದೇನೆ. ಆಳುಗಳು ಬಂದರು, ಹೊಡೆಯೋಕೆ ಹೊರಟೆವು.