ಬೆಲ್ ಆದ್ರ ಚಾಪಿ ಮರೀತದ: ಕ್ಲಿಕ್ಕರ್ ಪಾಠ ಎಲ್ಲಿ ತಪ್ಪಾಗ್ಲಾಕತ್ತದ?

ಜೇವರ್ಗಿ_ರಸ್ತೆ: 11 ತಿಂಗಳ ಮುಧೋಳ ಹೆಣ್ಣುನಾಯಿ, ಕಲಬುರಗಿ. ಕ್ಲಿಕ್ಕರ್ (ಒತ್ತಿದ್ರ ‘ಕ್ಲಿಕ್’ ಅನ್ನೂ ಕೈಯಾಗಿನ ಸಣ್ಣ ಸಾಧನ) ಹಿಡ್ಕೊಂಡು ಕಲಿಸ್ಲಾಕತ್ತೀನಿ. ಕ್ಲಿಕ್ ಅಂದ್ರ ತಿನಿಸು ಅಂತ ಗೊತ್ತಾಗ್ಯಾದ, ಸದ್ದಿಗಿ ಹೊಳ್ಳಿ ನೋಡ್ತದ. ಬೆಲ್ ಆದಾಗ ಬಾಗಿಲಿಗಿ ಓಡೂದು ಬಿಟ್ಟು ಮೂಲ್ಯಾಗಿನ ಚಾಪಿ ಮ್ಯಾಲ ಮಲಗೂದು ಕಲಿಸ್ಬೇಕು. ಕೈಯಾಗ ಚಿಕನ್ ಕಂಡ್ರಷ್ಟೇ ಹೋಗ್ತದ, ಕ್ಲಿಕ್ ಆದ ಕೂಡ್ಲೆ ಎದ್ದು ಬರ್ತದ. ಚಾಪಿಗಿ ಹೋಗ್ಲಿ ಅಂತ ‘ಜಾಗಾ’ ಅಂತ ಹೇಳಿದ್ರ ನನ್ನ ಮಾರಿ ನೋಡ್ಕೊಂತ ನಿಂದರ್ತದ. ಬೆಲ್ ಆಯ್ತಂದ್ರ ಮುಗೀತು.

ಕೋಟೆ_ಓಣಿ_ಬೀದರ್: ಮೊದಲು ಕೈ ನೋಡ್ಕೋರಿ. ಕ್ಲಿಕ್ ಮುಂದ, ಕೈ ಹಿಂದ. ಬಹಳ ಮಂದಿ ಒತ್ತೂಕಿಂತ ಮೊದ್ಲೇ ಚೀಲಕ್ಕ ಕೈ ಹಾಕ್ತಾರ. ಆಗ ನಾಯಿ ಕೈಯನ್ನೇ ನೋಡ್ತದ, ಸದ್ದಿಗಿ ಬೆಲೆ ಇರಂಗಿಲ್ಲ. ಮೊಬೈಲ್ ಗೋಡಿಗಿ ಆನಿಸಿ ಒಂದು ವಿಡಿಯೊ ತಗೀರಿ, ಕಂಡೇ ಕಾಣ್ತದ. ತಿನಿಸಿನ ಡಬ್ಬಿ ಮೇಜಿನ ಮ್ಯಾಲಿರ್ಲಿ.

ತಿನಿಸು ತೋರಿಸಿ ಕರ್ಕೊಂಡು ಹೋಗೂದು ಮೂರ್ನಾಲ್ಕು ಸಲಕ್ಕ ಸಾಕು. ಈಗ ಪೂರ್ತಿ ಬಿಟ್ಟು ಮೆಟ್ಟಲು ಮೆಟ್ಟಲಾಗಿ ಕಟ್ಟ್ರಿ. ಚಾಪಿ ಕಡಿ ನೋಡಿತು, ಕ್ಲಿಕ್. ಒಂದು ಪಾದ ಇಟ್ಟಿತು, ಕ್ಲಿಕ್. ಆಮ್ಯಾಲ ನಾಲ್ಕೂ ಪಾದ, ಕಡೀಗಿ ಮಲಗೂದು. 10ರಾಗ 8 ಸರಿ ಬಂದ್ರ ಮುಂದ ಹೋಗ್ರಿ, 5ಕ್ಕ ಇಳಿದ್ರ ಹಿಂದಿನ ಮೆಟ್ಟಲಿಗಿ ಬರ್ರಿ. ಶುರುವಿನಾಗ ನಿಮಿಷಕ್ಕ 8–10 ಕ್ಲಿಕ್ ಬೀಳಬೇಕು. ಬೀಳಲಿಲ್ಲಂದ್ರ ನಾಯಿ ದಡ್ಡ ಅಲ್ಲ, ಮೆಟ್ಟಲು ಎತ್ತರ ಆಗ್ಯಾದ. 15 ತುಣುಕು ಎಣಿಸಿಟ್ಕೋರಿ, ತೀರಿದ್ರ ಪಾಠ ತೀರಿತು.

ಕ್ಲಿಕ್ ಆದ ಮ್ಯಾಲ ಏಳೂದು ತಪ್ಪಲ್ರಿ. ಕ್ಲಿಕ್ ಅಂದ್ರ ಕೆಲ್ಸ ಆಯ್ತು, ಕೂಲಿ ತಗೋ ಅಂತ. ಆದ್ರ ಕೂಲಿ ಎಲ್ಲಿ ಕೊಡ್ತೀರಿ? ಮುಂಗಾಲಿನ ನಡುವ, ಚಾಪಿ ಮ್ಯಾಲೇ ಇಟ್ರ ಎದ್ದು ಬರೂ ಕಾರಣ ಉಳ್ಯಂಗಿಲ್ಲ. ಮತ್ತ ಹೋಗೂದು ಕಲೀಲಿ ಅಂದ್ರ ಮಾತ್ರ ತುಣುಕು ದೂರ ಒಗೀರಿ. ಮಲಗೂ ಹೊತ್ತು 2, 4, 3, 6, 2, 8 ಸೆಕೆಂಡ್ ಹಿಂಗ ಏರಿಳಿಸ್ರಿ. ಬರೀ ಏರಿಸ್ಕೊಂತ ಹೋದ್ರ ಬ್ಯಾಸತ್ತು ಏಳ್ತದ.

‘ಜಾಗಾ’ ಈಗ ಬ್ಯಾಡ. 10ರಾಗ 9 ಸಲ ತಾನಾಗೇ ಹೋಗೂವಾಗ, ಹೆಜ್ಜಿ ಎತ್ತೂಕಿಂತ ಒಂದು ಸೆಕೆಂಡ್ ಮೊದಲು, ಒಂದೇ ಸಲ ಅನ್ರಿ.

ಶಹಾಪುರ_ಬೆಟ್ಟ: ನೆಲ ಯಾವುದು? ಪಾಲಿಶ್ ಮಾಡಿದ ಶಹಾಬಾದ್ ಕಲ್ಲಿನ ಮೇಲೆ ಚಾಪೆ ಜಾರುತ್ತೆ. ಮಲಗಲು ಹೋಗಿ ಹಿಂಗಾಲು ಸರಿದರೆ ನಾಯಿ ಆ ಜಾಗಕ್ಕೇ ಹೆದರುತ್ತೆ. ಗೋಣಿಚೀಲ ಎರಡು ಮಡಿಕೆ ಮಾಡಿ, ಅಡಿಯಲ್ಲಿ ರಬ್ಬರ್ ಮ್ಯಾಟ್ ಹಾಕಿ. ಮುಧೋಳದ ಮೈಯಲ್ಲಿ ಕೊಬ್ಬು ಕಡಿಮೆ, ಮೊಣಕೈಗೆ ಬರಿ ಕಲ್ಲು ಒತ್ತುತ್ತೆ.

ತುಣುಕು ಕಡಲೆಕಾಳಿನಷ್ಟಿರಲಿ, ಅಗಿಯದೆ ನುಂಗುವಂಥದ್ದು. ಉಪ್ಪು ಹಾಕದೆ ಬೇಯಿಸಿದ ಚಿಕನ್, ಇಲ್ಲವೇ ಪನೀರ್. ಮನೆಯೊಳಗಿನ ಸುಲಭ ಪಾಠಕ್ಕೆ ಜೋಳದ ರೊಟ್ಟಿಯ ಚೂರೂ ನಡೆಯುತ್ತೆ, ಆದರೆ ಶೇಂಗಾ ಹಿಂಡಿ (ಚಟ್ನಿಪುಡಿ) ಹತ್ತಿದ ರೊಟ್ಟಿ ಕೊಡಬೇಡಿ, ಅದರಲ್ಲಿ ಬೆಳ್ಳುಳ್ಳಿ ಇರುತ್ತೆ. ಉಳ್ಳಾಗಡ್ಡಿ, ಬೆಳ್ಳುಳ್ಳಿ, ಒಣದ್ರಾಕ್ಷಿ ನಾಯಿಗೆ ವಿಷ. ಕೊಟ್ಟಷ್ಟನ್ನು ಊಟದಲ್ಲಿ ಕಡಿಮೆ ಮಾಡಿ. ನಮ್ಮ ಕಡೆ ಮೇ ತಿಂಗಳಲ್ಲಿ 40 ಡಿಗ್ರಿ ದಾಟುತ್ತೆ. ಬೆಳಗ್ಗೆ 7ರೊಳಗೆ ಮುಗಿಸಿ. ತೇಕುವ ನಾಯಿ ತಿನ್ನೋದೂ ಇಲ್ಲ, ಕಲಿಯೋದೂ ಇಲ್ಲ.

ಜೇವರ್ಗಿ_ರಸ್ತೆ: ನೆಲ ಶಹಾಬಾದ್ ಕಲ್ಲೇ ಅದರಿ. ಬೆಲ್ಲಿಗಿ ಏನ್ ಮಾಡ್ಲಿ? ಕ್ಲಿಕ್ಕರ್ ಬದ್ಲಿ ಬಾಯಿಲೆ ‘ಹಾಂ’ ಅಂದ್ರ ನಡೀತದೇನು?

ಕೋಟೆ_ಓಣಿ_ಬೀದರ್: ‘ಹಾಂ’ ಬ್ಯಾಡ, ಫೋನಿನಾಗ ದಿನಾ ನೂರು ಸಲ ಅಂತೀವಿ. ಬಾಯಿಲೆನೇ ಅಂದ್ರ ‘ಟಕ್’ ಅಂಥದ್ದು, ಯಾವಾಗ್ಲೂ ಒಂದೇ ದನಿಯಾಗ.

ಬೆಲ್ಲನ್ನೇ ಆಜ್ಞಾ ಮಾಡ್ರಿ. ‘ಜಾಗಾ’ ಗಟ್ಟಿ ಆದ ಮ್ಯಾಲ ಬೆಲ್ ಸದ್ದು ಮೊಬೈಲಿನಾಗ ರೆಕಾರ್ಡ್ ಮಾಡಿ ಸಣ್ಣಗ ಬಾರಿಸ್ರಿ. ಬೆಲ್, ಒಂದು ಸೆಕೆಂಡ್ ಬಿಟ್ಟು ‘ಜಾಗಾ’, ಚಾಪಿ ಮ್ಯಾಲ ಹೋದ್ರ ಕ್ಲಿಕ್. ಎರಡೂ ಒಮ್ಮಿಗೇ ಬಂದ್ರ ಬೆಲ್ ಕಲಿಯಂಗಿಲ್ಲ. ಮಾತಿಗಿಂತ ಮೊದ್ಲೇ ಹೊಂಟ್ರ ಮಾತು ಬಿಡ್ರಿ, ಸದ್ದು ಏರಿಸ್ರಿ. ಆಮ್ಯಾಲ ಖರೆ ಬೆಲ್, ಮನಿಯವ್ರೇ ಒತ್ಲಿ. ಕಡೀಗಿ ಬಾಜೂ ಮನಿಯವ್ರು. ನಡುವ ಬೀಗರು ಬಂದ್ರ ನಾಯಿ ಒಳಗಿನ ಕೋಲ್ಯಾಗಿರ್ಲಿ. ಬಾಗಿಲಿಗಿ ಓಡಿ ಮೈಮ್ಯಾಲ ಹಾರಿ ಮುದ್ದು ಮಾಡಿಸ್ಕೊಂಡ್ರ ಅದೂ ಬಹುಮಾನನೇ, ನಿಮ್ಮ ಚಿಕನ್‌ಕಿಂತ ದೊಡ್ಡದು.