ಸಹಾಯ ಬೇಕು: ಇಳಿಯುತ್ತಿರುವುದು ಬಾವಿಯ ನೀರೋ, ನೆಲವೋ?

ಬಲ್ಲವರಿಗೆ ನಮಸ್ಕಾರ. ಕಾಸರಗೋಡಿನಲ್ಲಿ ಚಂದ್ರಗಿರಿ ಹೊಳೆ ಸಮುದ್ರ ಸೇರುವ ಕಡೆಗೆ ನಮ್ಮ ಮನೆಯಿದೆ. ಇಲ್ಲಿ ಒಳನಾಡಿನ ಗಟ್ಟಿ ಮುರಕಲ್ಲಿಲ್ಲ. ಮೇಲೆ ಹೊಯ್ಗೆ, ಕೆಳಗೆ ಕಪ್ಪು ಜೇಡಿ. ಸುತ್ತಮುತ್ತ ವಸತಿ ಸಮುಚ್ಚಯಗಳು ಬಂದು ಕೊಳವೆ ಬಾವಿಗಳು ಹೆಚ್ಚಾದಂದಿನಿಂದ, ಅಂದರೆ ಎರಡು ವರ್ಷಗಳಿಂದ, ಪ್ರತಿ ವಾರ ಬಾವಿಕಟ್ಟೆಯ ಅಂಚಿನಿಂದ ನೀರಿನವರೆಗೆ ಟೇಪಿನಲ್ಲಿ ಅಳೆದು ಬರೆದಿಡುತ್ತಿದ್ದೇನೆ. ಉಬ್ಬರಕ್ಕೆ ನೀರು ಏರುವುದನ್ನು ಗಮನಿಸಿದ ಮೇಲೆ ಇಳಿತದ ಹೊತ್ತಿಗೇ ಅಳೆಯುತ್ತೇನೆ.

ಈ ಮಳೆಗಾಲದ ನಂತರ ಕಟ್ಟೆಗೂ ಸುತ್ತಲಿನ ಸಿಮೆಂಟು ನೆಲಕ್ಕೂ ನಡುವೆ ಬೆರಳು ತೂರುವಷ್ಟು ಬಿರುಕು ಬಿಟ್ಟಿದೆ. ಮೇಸ್ತ್ರಿ ಅದನ್ನು ಮುಚ್ಚಲು ಬಂದಾಗ ತಡೆದೆ. ಸದ್ಯ ನನ್ನಲ್ಲಿರುವ ಗುರುತು ಅದೊಂದೇ. ನೀರನ್ನು ಅತಿಯಾಗಿ ಎತ್ತಿದರೆ ಜೇಡಿಯೊಳಗಿನ ನೀರಿನ ಒತ್ತಡ ತಗ್ಗಿ ಆ ಪದರ ಅಮುಕಿಕೊಳ್ಳುತ್ತದೆ, ಮತ್ತೆ ನೀರು ತುಂಬಿದರೂ ಬಹುಪಾಲು ಮೊದಲಿನಂತಾಗುವುದಿಲ್ಲ. ಉತ್ತರ ಜಕಾರ್ತದ ನೆಲ ಕುಸಿಯಲು ಇದೇ ಮುಖ್ಯ ಕಾರಣವೆಂಬುದು ನನ್ನ ಆತಂಕವನ್ನು ಹೆಚ್ಚಿಸಿದೆ.

ಕಚೇರಿಯೊಂದರಲ್ಲಿ ವಿಚಾರಿಸಿದರೆ ತಾವು ನೀರಿನ ಮಟ್ಟವನ್ನಷ್ಟೇ ನೋಡುವುದೆಂದರು. ಪರಿಚಯದ ಸರ್ವೇಯರರು ಪಕ್ಕದ ಮನೆಯ ಪಂಚಾಂಗವನ್ನು (ಅಡಿಪಾಯದ ಕಟ್ಟೆಯನ್ನು) ಆಧಾರವಾಗಿಟ್ಟು ಮಟ್ಟ ನೋಡಿದರು, ಆದರೆ ಆ ಮನೆಯೂ ಇದೇ ಜೇಡಿಯ ಮೇಲೆ ನಿಂತಿದೆ.

ನನ್ನ ಗೊಂದಲವಿಷ್ಟೇ: ಕಟ್ಟೆಯೇ ನೆಲದೊಂದಿಗೆ ಇಳಿಯುತ್ತಿದ್ದರೆ, ನನ್ನ ಅಳತೆಯು ನೀರಿನ ನಿಜವಾದ ಇಳಿತಕ್ಕಿಂತ ಕಡಿಮೆ ತೋರಿಸುತ್ತದೆಯಲ್ಲವೇ? ಜೇಡಿಯನ್ನು ದಾಟಿ ಗಟ್ಟಿ ಪದರಕ್ಕೆ ಊರಿದ, ಸುತ್ತಲಿನ ಮಣ್ಣಿಗೆ ತಾಗದಂತೆ ಹೊರಕೊಳವೆಯೊಳಗೆ ನಿಲ್ಲಿಸಿದ ಕಬ್ಬಿಣದ ಪೈಪಿನ ತುದಿಯನ್ನು ಸ್ಥಿರ ಗುರುತಾಗಿ ಬಳಸಬಹುದೇ? ಕರಾವಳಿಯಲ್ಲಿ ಇಂಥದನ್ನು ಮಾಡಿದವರಿದ್ದರೆ, ಪೈಪು ಗಟ್ಟಿ ಪದರ ಮುಟ್ಟಿತೆಂದು ಹೇಗೆ ಖಚಿತಪಡಿಸಿಕೊಂಡಿರಿ ಎಂದು ದಯವಿಟ್ಟು ತಿಳಿಸುವಿರಾ?