ಗೆಳತಿ ಬಂದರೆ ಮಾತ್ರ ಆಟ: ಇದು ನಿಲ್ಲದಂತೆ ನೋಡಿಕೊಳ್ಳುವುದು ಹೇಗೆ?

ಪ್ರಶ್ನೆ – ಪಿಯು_ಅಮ್ಮ
ಮಗಳು ಫಸ್ಟ್ ಪಿಯು. ಕಾಲೇಜು, ಟ್ಯೂಷನ್, ಆಮೇಲೆ ಮೊಬೈಲು. ಒಬ್ಬಳೇ ವಾಕಿಂಗ್ ಹೋಗು ಅಂದರೆ ಮುಖ ಸಿಂಡರಿಸುತ್ತಾಳೆ, ಗೆಳತಿ ಕರೆದರೆ ಬ್ಯಾಟ್ ಹಿಡಿದು ಓಡುತ್ತಾಳೆ. ಎರಡು ವಾರದೊಳಗೆ ಇಬ್ಬರಲ್ಲಿ ಒಬ್ಬರು ಕೈಕೊಡುತ್ತಾರೆ. ಏನು ಮಾಡೋದು? ದಿನಕ್ಕೆ ಎಷ್ಟು ಹೊತ್ತು ಬೇಕು?

ಶಟಲ್_ಕೋಚ್
ನಿಲ್ಲುವುದು ಸೋಮಾರಿತನದಿಂದಲ್ಲ, "ಇವತ್ತು ಬರ್ತೀಯಾ?" ಅನ್ನೋ ಮೆಸೇಜಿನಿಂದ. ದಿನಾ ಕೇಳಿದರೆ ದಿನಾ ಒಂದು ನೆಪ ಹುಟ್ಟುತ್ತದೆ. ವಾರಕ್ಕೆ ಮೂರು ದಿನ ಗೊತ್ತು ಮಾಡಿ, ಟ್ಯೂಷನ್ ಮುಗಿದ ಕೂಡಲೇ ಅಲ್ಲಿಂದಲೇ ಮೈದಾನಕ್ಕೆ ಹೋಗಲಿ. ಮನೆಗೆ ಬಂದು ಸೋಫಾ ಮೇಲೆ ಕೂತರೆ ಕಥೆ ಮುಗೀತು. ಬ್ಯಾಟು, ಶೂ ಬೆಳಗ್ಗೆಯೇ ಬ್ಯಾಗಿಗೆ ಸೇರಬೇಕು.

ಇನ್ನೊಂದು: ಒಬ್ಬಳು ಚೆನ್ನಾಗಿ ಆಡಿ ಇನ್ನೊಬ್ಬಳು ದಿನಾ ಸೋತರೆ, ಸೋತವಳಿಗೇ ಮೊದಲು ತಲೆನೋವು ಬರುವುದು. ಪಾಯಿಂಟ್ ಬಿಡಿ, ಶಟಲ್ ಕೆಳಗೆ ಬೀಳದಂತೆ ಇಬ್ಬರೂ ಸೇರಿ ಎಷ್ಟು ಹೊಡೆತ ಆಡಿದರು ಎಂದು ಎಣಿಸಲಿ. ಮೊದಲು 20, ಆಮೇಲೆ 40. ಬಯಲಲ್ಲಿ ಗರಿಯ ಶಟಲ್ ದಂಡ, ನೈಲಾನ್ ಸಾಕು. ಬುಡದ ಪಟ್ಟಿ ಹಸಿರಿದ್ದರೆ ನಿಧಾನ, ನೀಲಿ ಮಧ್ಯಮ, ಕೆಂಪು ವೇಗ. ಬೇಸಿಗೆಯಲ್ಲಿ ಶಟಲ್ ಹೆಚ್ಚು ದೂರ ಹಾರುತ್ತದೆ, ಆಗ ಹಸಿರೇ ಒಳ್ಳೆಯದು. ಗಾಳಿ ಜೋರಿದ್ದ ದಿನ ಬ್ಯಾಟ್ ಒಳಗಿಡಿ.

ಪಿಟಿ_ಮೇಷ್ಟ್ರು
ಗಾಳಿ ಇರಲಿ, ಮಳೆ ಇರಲಿ, ಸ್ಕಿಪ್ಪಿಂಗ್ ಹಗ್ಗ ಇರಲಿ ಮೇಡಂ. ಹಗ್ಗದ ನಡುವನ್ನು ತುಳಿದು ನಿಂತು ಎಳೆದರೆ ಹಿಡಿ ಕಂಕುಳಿಗೆ ಬರಬೇಕು, ಅದೇ ಅಳತೆ. ಒಬ್ಬಳು 30 ಸೆಕೆಂಡ್ ಹಾರುವಾಗ ಇನ್ನೊಬ್ಬಳು ಎಣಿಸಲಿ, ಆಮೇಲೆ ಅದಲು ಬದಲು. ತಲಾ 10 ಸುತ್ತಿಗೆ ಹತ್ತು ನಿಮಿಷ. ಹಗ್ಗ ದಾಟುವಷ್ಟು, ಒಂದಂಗುಲ ಹಾರಿದರೆ ಸಾಕು. ಸಿಮೆಂಟ್ ತಾರಸಿ ಮೇಲೆ ಬರಿಗಾಲಲ್ಲಿ ಎತ್ತರಕ್ಕೆ ಹಾರುವವರಿಗೇ ಮೊಣಕಾಲ ಕೆಳಗಿನ ಮೂಳೆ ನೋಯುವುದು. ನೋವು ಬಂದರೆ ಹಾರುವುದನ್ನು ನಿಲ್ಲಿಸಿ ನಡೆಯಲಿ. ಮೂಳೆಯ ಒಂದೇ ಜಾಗ ಒತ್ತಿದಾಗ ಚುರುಕ್ ಎಂದರೆ ಡಾಕ್ಟರಿಗೆ ತೋರಿಸಿ.

ಆಹಾರ_ಆರೋಗ್ಯ
5ರಿಂದ 17 ವರ್ಷದವರಿಗೆ ದಿನಕ್ಕೆ ಸರಾಸರಿ 60 ನಿಮಿಷ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಒಂದೇ ಸಲಕ್ಕೆ ಆಗಬೇಕಿಲ್ಲ, ಬಸ್ ಸ್ಟಾಪಿಗೆ ಬಿರುಸಾಗಿ ನಡೆದದ್ದೂ ಲೆಕ್ಕಕ್ಕುಂಟು. ಮಾತಾಡಲು ಬರುತ್ತದೆ, ಹಾಡಲು ಉಸಿರು ಸಾಲದು ಅನ್ನೋ ಬಿರುಸು ಇರಬೇಕು. ಗೆಳತಿ ಜೊತೆಗಿದ್ದರೆ ಈ ಪರೀಕ್ಷೆ ತಾನಾಗಿಯೇ ನಡೆಯುತ್ತದೆ ಬಿಡಿ, ಹರಟೆಗೆ ಬರವೇ?

ಪರೀಕ್ಷೆ ಹತ್ತಿರ ಬಂತೆಂದು ಪೂರ್ತಿ ಬಿಡಿಸಬೇಡಿ, 15 ನಿಮಿಷಕ್ಕೆ ಇಳಿಸಿ. ಮೂರನೆಯ ಗೆಳತಿಯನ್ನೂ ಸೇರಿಸಿಕೊಳ್ಳಲಿ, ಒಬ್ಬಳು ತಪ್ಪಿಸಿಕೊಂಡರೂ ಜೋಡಿ ಇರುತ್ತದೆ. ಮನೆಗೆ ಬಂದವಳನ್ನು "ತೂಕ ಇಳೀತಾ?" ಅಂತ ಮಾತ್ರ ಕೇಳಬೇಡಿ.